ವಾಪಸ್ ತೆಗೆದುಕೊಳ್ಳಲು 21 ದಿನ

(ಕಾನೂನು ಕಾಲೇಜೊಂದರ ಕೊನೇ ವರ್ಷದ ಹುಡುಗ ಹುಡುಗಿಯರ ಮುಂದೆ ಮಾತಾಡಿದ್ದನ್ನು ಬರೆದಿಟ್ಟಿದ್ದೇನೆ. ಮಾತಿನ ಭರದಲ್ಲಿ ದಾರಿ ತಪ್ಪಿದ ಕಡೆ ಅಲ್ಪಸ್ವಲ್ಪ ತಿದ್ದಿದ್ದೇನೆ, ಎಲ್ಲ ಕಡೆ ಅಲ್ಲ.)

ಸೂಟಿನ ಅಂಗಡಿಗಳಿಗೆ ಫೋನ್ ಮಾಡಿದ ವಕೀಲರ ಕತೆಯಿಂದ ಶುರು ಮಾಡುತ್ತೇನೆ.

ಊರು ಅಮೆರಿಕದ ವಾಷಿಂಗ್ಟನ್, ವರ್ಷ 1983. ಅಲ್ಲಿ ಗಂಡಸರ ಸೂಟುಗಳನ್ನು ಕಡಿಮೆ ಬೆಲೆಗೆ ಮಾರುವ ಒಂದು ಕಂಪನಿ ಇತ್ತು. ಹಾರ್ಟ್‌ಮಾರ್ಕ್ಸ್ ಅನ್ನುವ ದೊಡ್ಡ ಬಟ್ಟೆ ಕಂಪನಿಯ ಕಡೆಯವರಿಗೂ ಇವರಿಗೂ ಆಗಲೇ ಕೋರ್ಟಿನಲ್ಲಿ ಜಗಳ ನಡೆಯುತ್ತಿತ್ತು. ಅದರ ನಡುವೆ ಕೂಟರ್ ಅಂಡ್ ಗೆಲ್ ಅನ್ನುವ ವಕೀಲರ ಸಂಸ್ಥೆ ಇವರ ಪರವಾಗಿ ಇನ್ನೊಂದು ಕೇಸು ಹಾಕಿತು. ಹಾರ್ಟ್‌ಮಾರ್ಕ್ಸ್‌ನವರು ಪ್ರತಿ ದೊಡ್ಡ ಊರಿನಲ್ಲೂ ಒಂದೊಂದೇ ಅಂಗಡಿಗೆ ಮಾಲು ಕೊಟ್ಟು, ಬೆಲೆ ಕಟ್ಟಿ, ಉಳಿದವರನ್ನು ಹೊರಗಿಡುವ ಸಂಚು ಮಾಡಿದ್ದಾರೆ ಅಂತ. ಒಂದೆರಡು ಊರಿನ ಮಾತಲ್ಲ, ಇಡೀ ದೇಶದ ಸಂಚು!

ಸರಿ, ಇದಕ್ಕೆ ಆಧಾರ ಏನ್ರೀ ಅಂತ ಕೇಳಿದಾಗ ಗೊತ್ತಾಯಿತು. ನ್ಯೂಯಾರ್ಕ್, ಫಿಲಡೆಲ್ಫಿಯಾ, ಬಾಲ್ಟಿಮೋರ್, ವಾಷಿಂಗ್ಟನ್ ಈ ನಾಲ್ಕು ಊರಿನ ಕೆಲವು ಅಂಗಡಿಗಳ ಸೇಲ್ಸ್‌ನವರಿಗೆ ಫೋನ್ ಮಾಡಿ, ಈ ಬ್ರ್ಯಾಂಡಿನ ಸೂಟು ನಿಮ್ಮಲ್ಲಿ ಸಿಗುತ್ತದಾ ಅಂತ ವಿಚಾರಿಸಿದ್ದರು. ಅಷ್ಟೇ. ಅದರ ಮೇಲೆ ಇಡೀ ದೇಶದ ಲೆಕ್ಕ ಹಾಕಿಬಿಟ್ಟಿದ್ದರು. ಇನ್ನೂ ತಮಾಷೆ ಅಂದರೆ, ಕೇಸಿನಲ್ಲಿ ಹಿಕಿ ಫ್ರೀಮನ್ ಅನ್ನುವ ಇನ್ನೊಂದು ಬ್ರ್ಯಾಂಡಿನ ಬಗ್ಗೆಯೂ ಅದೇ ಆರೋಪ ಇತ್ತು. ಫೋನಿನಲ್ಲಿ ಅದರ ಸುದ್ದಿಯನ್ನೇ ಎತ್ತಿರಲಿಲ್ಲ.

ಎದುರಿನವರು ಸುಮ್ನೆ ಕೂರಲಿಲ್ಲ. ಕೇಸು ವಜಾ ಮಾಡಿ, ಜೊತೆಗೆ ಈ ವಕೀಲರ ಮೇಲೆ ದಂಡ ಹಾಕಿ ಅಂತ ಅರ್ಜಿ ಕೊಟ್ಟರು. ಇವರು 1984ರಲ್ಲಿ ತಾವಾಗಿಯೇ ಕೇಸು ವಾಪಸ್ ತೆಗೆದುಕೊಂಡರು. ಅಲ್ಲಿಗೆ ಮುಗಿಯಿತು ಅಂದುಕೊಂಡಿರಬೇಕು. ದಂಡದ ಅರ್ಜಿಯ ವಿಚಾರಣೆ ಮುಗಿದು ಮೂರೂವರೆ ವರ್ಷ ಕಳೆದ ಮೇಲೆ, 1987ರ ಡಿಸೆಂಬರಿನಲ್ಲಿ ಆದೇಶ ಬಂತು (ಆದೇಶಕ್ಕೆ ಕಾಯುವುದು ನಮ್ಮೂರಿನ ಹಣೆಬರಹ ಮಾತ್ರ ಅಲ್ಲ, ನೋಡಿ). ವಕೀಲರ ಸಂಸ್ಥೆಗೆ 21,452 ಡಾಲರ್, ಅವರ ಪಾರ್ಟಿಗೆ, ಅಂದರೆ ಕೇಸು ಹಾಕಿಸಿದ ಸೂಟಿನ ಕಂಪನಿಗೆ, 10,701 ಡಾಲರ್ ದಂಡ. ಪಾರ್ಟಿಗಿಂತ ವಕೀಲರಿಗೆ ಎರಡರಷ್ಟು. ಕೇಸೇ ಇಲ್ಲದ ಮೇಲೆ ದಂಡ ಎಲ್ಲಿಂದ ಬಂತು ಅಂತ ಅವರು ಸುಪ್ರೀಂ ಕೋರ್ಟಿನವರೆಗೆ ಹೋದರು. 1990ರಲ್ಲಿ ಅಲ್ಲಿಯೂ ಹೇಳಿದ್ದು ಒಂದೇ. ಕೇಸು ವಾಪಸ್ ತೆಗೆದುಕೊಂಡರೂ, ಅದನ್ನು ಹಾಕಿದ ದಿನ ಮಾಡಿದ ತಪ್ಪು ತಪ್ಪೇ, ದಂಡ ಹಾಕುವ ಅಧಿಕಾರ ಕೋರ್ಟಿಗೆ ಇದೆ.

ಈಗ ನೀವು ಕೇಳಬಹುದು. ಫೋನ್ ಮಾಡಿ ವಿಚಾರಿಸಿದ್ದರಲ್ಲ, ಅದೂ ಸಾಲದೇ? ನಮ್ಮಲ್ಲಿ ಅಷ್ಟನ್ನೂ ಮಾಡದೆ, ಪಾರ್ಟಿ ಹೇಳಿದ್ದನ್ನು ಬರೆದುಕೊಂಡು, ಗುಮಾಸ್ತರಿಗೆ ಟೈಪಿಗೆ ಕೊಟ್ಟು, ಮಧ್ಯಾಹ್ನಕ್ಕೆ ಫೈಲ್ ಮಾಡಿ, ಸಂಜೆಗೆ ಇಂಜಂಕ್ಷನ್ (ತಡೆಯಾಜ್ಞೆ) ಸಿಕ್ಕಿತಾ ಅಂತ ಕೇಳುವವರು ಇದ್ದಾರೆ. ಇದ್ದಾರೆ ಏನು, ಒಂದು ಕಾಲಕ್ಕೆ ನಾನೇ ಹಾಗಿದ್ದೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ಅಮೆರಿಕದ ಫೆಡರಲ್ ಕೋರ್ಟುಗಳ ಸಿವಿಲ್ ನಿಯಮಗಳಲ್ಲಿ 11ನೇ ನಿಯಮ ಅಂತ ಒಂದಿದೆ. ಅಲ್ಲಿನ ವಕೀಲರು ಬರೀ 'ರೂಲ್ ಇಲೆವೆನ್' ಅನ್ನುತ್ತಾರೆ. ಎದುರಾಳಿಯನ್ನು ಹೆದರಿಸುವುದಕ್ಕೂ ಆ ಎರಡು ಪದ ಸಾಕು. ಕಾಗದದ ಕೊನೆಗೆ ವಕೀಲ ಹಾಕುವ ಸಹಿಯೇ ಅದರ ತಿರುಳು. ಆ ಸಹಿಗೆ ಅರ್ಥ ಇಷ್ಟು: ನಾನು ತಕ್ಕಮಟ್ಟಿಗೆ ವಿಚಾರಿಸಿದ್ದೇನೆ, ಇದರಲ್ಲಿರುವ ಸಂಗತಿಗಳಿಗೆ ಆಧಾರ ಇದೆ ಅಥವಾ ಸಿಗುವ ಸಾಧ್ಯತೆ ಇದೆ, ಕಾನೂನಿನ ವಾದದಲ್ಲಿ ಹುರುಳಿದೆ, ಯಾರಿಗೋ ಕಿರುಕುಳ ಕೊಡಲು ಇದನ್ನು ಹಾಕಿಲ್ಲ. ಸುಳ್ಳು ಅಂತ ಗೊತ್ತಾದ ಮೇಲೂ ಅದೇ ಕಾಗದ ಹಿಡಿದುಕೊಂಡು ಜಡ್ಜ್ ಮುಂದೆ ವಾದ ಮಾಡಿದರೆ ಅದೂ ತಪ್ಪೇ.

ನಮ್ಮ ದಾವೆಯ ಕೊನೇ ಪುಟ ನೆನಪಿಸಿಕೊಳ್ಳಿ. ಅಲ್ಲೂ ವಕೀಲರ ಸಹಿ ಇರುತ್ತದೆ. ಆದರೆ ಅದರ ಕೆಳಗೆ, ಮೇಲಿನ ಸಂಗತಿಗಳೆಲ್ಲ ನನಗೆ ತಿಳಿದಮಟ್ಟಿಗೆ ಸತ್ಯ ಅಂತ ವೆರಿಫಿಕೇಷನ್ ಹಾಕಿ ಸಹಿ ಮಾಡುವುದು ಪಾರ್ಟಿ. ಎಷ್ಟೋ ಸಲ ಆತ ಅದನ್ನು ಓದಿಯೇ ಇರುವುದಿಲ್ಲ. ನಾವು ಪೆನ್ಸಿಲ್ಲಿನಲ್ಲಿ ಇಂಟು ಗುರುತು ಹಾಕಿ ತೋರಿಸುತ್ತೇವೆ, ಆತ ಅಲ್ಲಿ ಸಹಿ ಹಾಕುತ್ತಾನೆ. ನಾಳೆ ಸುಳ್ಳು ಅಂತ ಆದರೆ ಸಿಕ್ಕಿಬೀಳುವವನು ಆತನೇ, ಅಲ್ವಾ?

11ನೇ ನಿಯಮ ಬಂದದ್ದು 1938ರಲ್ಲಿ. ಬಹಳ ವರ್ಷ ಅದನ್ನು ಹೆಚ್ಚು ಯಾರೂ ಮುಟ್ಟಲಿಲ್ಲ. 1983ರಲ್ಲಿ ಅದನ್ನು ಬಿಗಿ ಮಾಡಿದರು. ತಪ್ಪು ಕಂಡರೆ ಜಡ್ಜ್ ದಂಡ ಹಾಕಲೇಬೇಕು, ಬಿಡುವ ಹಾಗಿಲ್ಲ ಅಂತ ಆಯಿತು. ಆಮೇಲಿನ ಹತ್ತು ವರ್ಷ ನೋಡಬೇಕಿತ್ತು! ಹುರುಳಿಲ್ಲದ ಕೇಸು ಕಡಿಮೆ ಮಾಡಲು ತಂದ ನಿಯಮವೇ ಹೊಸ ಜಗಳಕ್ಕೆ ದಾರಿಯಾಯಿತು. ನೀನು ಹಾಕಿದ ಕೇಸಿಗೆ ದಂಡ ಅಂತ ಒಬ್ಬರು, ನೀನು ಕೇಳಿದ ದಂಡಕ್ಕೇ ದಂಡ ಅಂತ ಇನ್ನೊಬ್ಬರು. ಮೂಲ ಕೇಸು ಮೂಲೆಗೆ ಬಿತ್ತು. ಇನ್ನೊಂದು ದೊಡ್ಡ ದೂರು ನಾಗರಿಕ ಹಕ್ಕುಗಳ ವಕೀಲರಿಂದ ಬಂತು. ಬಣ್ಣದ ಕಾರಣಕ್ಕೆ ಕೆಲಸ ಹೋಯಿತು ಅನ್ನುವ ಕೇಸಿನಲ್ಲಿ ಮೊದಲ ದಿನವೇ ಪುರಾವೆ ಎಲ್ಲಿಂದ ತರುವುದು? ದಾಖಲೆಗಳೆಲ್ಲ ಕಂಪನಿಯ ಬೀರುವಿನಲ್ಲಿ ಇರುತ್ತವೆ. ಹಾಗಾಗಿ ಈ ಬಿಗಿ ನಿಯಮ ಬಡವರ, ದುರ್ಬಲರ ಪರ ನಿಲ್ಲುವ ವಕೀಲರ ಕೈ ಕಟ್ಟುತ್ತಿದೆ ಅಂದರು. ಆ ಮಾತಿನಲ್ಲಿ ನ್ಯಾಯ ಇತ್ತು ಅಂತ ನನಗೆ ಅನಿಸುತ್ತದೆ. ಶಾಲೆಗಳಲ್ಲಿ ಕರಿಯರನ್ನೂ ಬಿಳಿಯರನ್ನೂ ಬೇರೆ ಇಡುವುದು ತಪ್ಪು ಅಂತ ಅಮೆರಿಕದ ಸುಪ್ರೀಂ ಕೋರ್ಟು 1954ರಲ್ಲಿ ಹೇಳಿತು. 1896ರ ಅದರದೇ ತೀರ್ಪು ಅದಕ್ಕೆ ಅಡ್ಡ ಇತ್ತು. ಆ ತೀರ್ಪನ್ನು ಹಿಡಿದುಕೊಂಡು ಈ ಕೇಸಿನಲ್ಲಿ ಹುರುಳಿಲ್ಲ ಅಂತ ಒಬ್ಬ ವಕೀಲನಿಗೆ ದಂಡ ಹಾಕಿದ್ದರೆ? ಅದಕ್ಕೇ ಈಗಿನ ನಿಯಮದಲ್ಲಿ, ಇರುವ ಕಾನೂನನ್ನು ಬದಲಿಸಿ ಅಂತ ಹುರುಳಿರುವ ವಾದ ಮಾಡುವುದು ತಪ್ಪಲ್ಲ ಅಂತ ಬಿಡಿಸಿ ಬರೆದಿದ್ದಾರೆ.

1993ರಲ್ಲಿ ಮತ್ತೆ ತಿದ್ದಿದರು. ನಾನು ಇವತ್ತು ಇಲ್ಲಿ ಬಂದು ನಿಂತಿರುವುದೇ ಆ ತಿದ್ದುಪಡಿಯ ಸಲುವಾಗಿ. ದಂಡ ಹಾಕುವುದು ಬಿಡುವುದು ಜಡ್ಜ್ ವಿವೇಚನೆಗೆ ಬಂತು. ಅದಕ್ಕಿಂತ ಮುಖ್ಯವಾಗಿ 21 ದಿನದ ಗಡುವು ಬಂತು. ಎದುರಿನ ವಕೀಲ ನಿನ್ನ ಮೇಲೆ ದಂಡದ ಅರ್ಜಿ ಹಾಕಬೇಕಾದರೆ ಮೊದಲು ಅದನ್ನು ನಿನ್ನ ಕೈಗೆ ಕೊಡಬೇಕು, ಕೋರ್ಟಿಗಲ್ಲ. ಕೊಟ್ಟು 21 ದಿನ ಕಾಯಬೇಕು. ಅಷ್ಟರಲ್ಲಿ ನೀನು ಆ ತಪ್ಪು ಕಾಗದವನ್ನು ವಾಪಸ್ ತೆಗೆದುಕೊಂಡರೆ ಆ ಅರ್ಜಿ ಕೋರ್ಟಿಗೆ ಹೋಗುವಂತಿಲ್ಲ. ಸೂಟಿನ ಕೇಸಿನವರಿಗೆ ಇಂಥ ಅವಕಾಶ ಇರಲಿಲ್ಲ.

ಎಲ್ಲರಿಗೂ ಇದು ಹಿಡಿಸಲಿಲ್ಲ. ಈ ತಿದ್ದುಪಡಿಯಿಂದ ನಿಯಮದ ಹಲ್ಲೇ ಉದುರುತ್ತದೆ ಅಂತ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಸ್ಕಾಲಿಯಾ ಭಿನ್ನಮತ ಬರೆದರು. ಹಾಕು ಕೇಸು, ಸಿಕ್ಕಿಬಿದ್ದರೆ ವಾಪಸ್ ತಗೋ, ಏನು ನಷ್ಟ ಅನ್ನುವ ಹಾಗೆ ಆಗುತ್ತದೆ ಅನ್ನುವುದು ಅವರ ಕಡೆಯವರ ವಾದ. ಹಳೇ ಬಿಗಿಯನ್ನೇ ಮತ್ತೆ ತರಬೇಕು ಅಂತ ಅಲ್ಲಿನ ಕೆಳಮನೆಯಲ್ಲಿ ಹಲವು ಸಲ ಮಸೂದೆ ಪಾಸಾಗಿದೆ. ಮೇಲ್ಮನೆ ದಾಟಿಲ್ಲ.

ನನಗೆ ಮಾತ್ರ ಆ 21 ದಿನ ಬಹಳ ದೊಡ್ಡ ವಿಚಾರ ಅನಿಸುತ್ತದೆ. ಯಾಕೆಂದರೆ ಅಮೆರಿಕದಲ್ಲಿ ಈಚೆಗೆ ಪೇಪರಿನಲ್ಲಿ ಬಂದ ಕೆಲವು ದೊಡ್ಡ ದಂಡದ ಪ್ರಕರಣ ತೆಗೆದು ನೋಡಿ. ಕೇಸು ಹಾಕುವಾಗ ಎಡವಿದ್ದು ಹೌದು. ಆದರೆ ಮಾನ ಹೋದದ್ದು ಎಡವಿದ ಮೇಲೆ ಏಳದೇ ಇದ್ದದ್ದಕ್ಕೆ.

ಮಿಷಿಗನ್ ರಾಜ್ಯದ ಚುನಾವಣೆ ಕೇಸನ್ನೇ ನೋಡಿ. 2020ರ ನವೆಂಬರ್ 25ರಂದು, ಅಧ್ಯಕ್ಷರ ಚುನಾವಣೆಯಲ್ಲಿ ಮೋಸ ಆಗಿದೆ ಅಂತ ಅಲ್ಲಿ ಕೇಸು ಹಾಕಿದರು. ಜಡ್ಜ್ ಲಿಂಡಾ ಪಾರ್ಕರ್ ಡಿಸೆಂಬರ್ 7ಕ್ಕೆ ತಡೆಯಾಜ್ಞೆ ನಿರಾಕರಿಸಿದರು. ಡಿಸೆಂಬರ್ 15ಕ್ಕೆ ಡೆಟ್ರಾಯಿಟ್ ನಗರದ ವಕೀಲರು 11ನೇ ನಿಯಮದ ನೋಟಿಸು ಕಳಿಸಿದರು. ವಾಪಸ್ ತಗೊಳ್ಳಿ, ಇಲ್ಲದಿದ್ದರೆ ದಂಡ ಕೇಳುತ್ತೇವೆ ಅಂತ. 21 ದಿನ ಲೆಕ್ಕ ಹಾಕಿಕೊಂಡು ಕೂತಿದ್ದು ಜನವರಿ 5ಕ್ಕೆ ಅರ್ಜಿ ಹಾಕಿಯೇಬಿಟ್ಟರು. ಇವರು ಕೇಸು ವಾಪಸ್ ತೆಗೆದುಕೊಂಡದ್ದು ಜನವರಿ 14ಕ್ಕೆ. ಒಂಬತ್ತು ದಿನ ತಡ.

ಆಮೇಲೆ 2021ರ ಜುಲೈಯಲ್ಲಿ ಆ ಜಡ್ಜ್ ವಕೀಲರನ್ನೆಲ್ಲ ಕೂರಿಸಿಕೊಂಡು ಗಂಟೆಗಟ್ಟಲೆ ಪ್ರಶ್ನೆ ಕೇಳಿದರು. ಒಂದೊಂದೇ ಅಫಿಡವಿಟ್ ತೆಗೆದು, ಇದನ್ನು ಬರೆದುಕೊಟ್ಟವರ ಹತ್ತಿರ ನಿಮ್ಮಲ್ಲಿ ಯಾರಾದರೂ ಮಾತಾಡಿದ್ದೀರಾ ಅಂತ. ಒಂದು ಅಫಿಡವಿಟ್‌ನಲ್ಲಿ ಇದ್ದದ್ದು ಇಷ್ಟು: ಒಂದು ಜೋಡಿ ಅಂಚೆ ವಾಹನದ ಹತ್ತಿರ ಹೋಗಿ ಪಾರದರ್ಶಕ ಪ್ಲಾಸ್ಟಿಕ್ ಚೀಲಗಳನ್ನು ಕೊಟ್ಟಿದ್ದನ್ನು ನೋಡಿದೆ, ಅದರಲ್ಲಿ ಮತಪತ್ರ ಇದ್ದಿರಬಹುದು. ಇದ್ದಿರಬಹುದು! ಆಗಸ್ಟಿನಲ್ಲಿ 110 ಪುಟದ ಆದೇಶ ಬಂತು. ಒಂಬತ್ತು ವಕೀಲರಿಗೆ ದಂಡ. ಎದುರಿನವರ ಖರ್ಚು ಸುಮಾರು 1,75,000 ಡಾಲರ್ ಕಟ್ಟಬೇಕು. ಅವರ ಸನ್ನದಿನ, ಅಂದರೆ ವಕೀಲಿಕೆಯ ಪರವಾನಗಿಯ, ಬಗ್ಗೆ ವಿಚಾರಿಸಿ ಅಂತ ಶಿಸ್ತು ಸಮಿತಿಗಳಿಗೆ ಪತ್ರ. ಅದರ ಜೊತೆಗೆ 12 ಗಂಟೆ ಪಾಠ: ಆರು ಗಂಟೆ ದಾವೆ ಬರೆಯುವುದು ಹೇಗೆ ಅಂತ, ಆರು ಗಂಟೆ ಚುನಾವಣಾ ಕಾನೂನು. ಹತ್ತಾರು ವರ್ಷ ಪ್ರಾಕ್ಟೀಸ್ ಮಾಡಿದವರನ್ನು ವಾಪಸ್ ಬೆಂಚಿನ ಮೇಲೆ ಕೂರಿಸಿದ ಹಾಗೆ. ದುಡ್ಡಿಗಿಂತ ಅದೇ ಜಾಸ್ತಿ ಚುಚ್ಚಿರಬೇಕು. 2023ರಲ್ಲಿ ಮೇಲ್ಮನವಿ ಕೋರ್ಟು ಕೆಲವು ವಕೀಲರನ್ನು ಬಿಟ್ಟಿತು, ಮೊತ್ತವನ್ನೂ ಇಳಿಸಿತು. ಎಲ್ಲರೂ ಒಂದೇ ಅಳತೆಯಲ್ಲಿ ತಪ್ಪಿತಸ್ಥರಲ್ಲ ಅಂತ. ಅದೂ ಸರಿಯೇ. ಒಂದು ಮಾತು ಇಲ್ಲಿ ಹೇಳಿಬಿಡುತ್ತೇನೆ. ಇದರಲ್ಲಿ ಯಾವ ಪಕ್ಷ ಅನ್ನುವುದು ನನಗೆ ಮುಖ್ಯ ಅಲ್ಲ, ಈ ಸಭೆಯಲ್ಲಿ ಆ ಚರ್ಚೆ ಬೇಡ.

ಇನ್ನೊಂದು ನಿಮಗೆಲ್ಲ ಗೊತ್ತಿರುತ್ತದೆ, ಚಾಟ್‌ಜಿಪಿಟಿ ಕೇಸು. ಅವಿಯಾಂಕಾ ವಿಮಾನದಲ್ಲಿ ಊಟದ ತಳ್ಳುಗಾಡಿ ಮಂಡಿಗೆ ತಾಗಿ ಪೆಟ್ಟಾಯಿತು ಅಂತ ಒಬ್ಬ ಪ್ರಯಾಣಿಕರು ಪರಿಹಾರ ಕೇಳಿದ್ದರು. ಕೇಸೇನೂ ಸುಳ್ಳಲ್ಲ, ಕೇಸು ಹಾಕುವ ವಾಯಿದೆ ಮೀರಿದೆಯಾ ಇಲ್ಲವಾ ಅನ್ನುವುದಷ್ಟೇ ತಕರಾರು. ಅವರ ವಕೀಲರು ತಮ್ಮ ವಾದಕ್ಕೆ ಹಳೇ ತೀರ್ಪುಗಳನ್ನು ಉದಾಹರಿಸಿದರು. ಚೈನಾ ಸದರ್ನ್ ಏರ್‌ಲೈನ್ಸ್ ಮೇಲೆ ವರ್ಗೀಸ್ ಅನ್ನುವವರ ಕೇಸು ಅಂತ ಒಂದು. ಹೆಸರು ಕೇಳಿದರೆ ಕೇರಳದ ಕಡೆಯ ಯಾರೋ ವಿಮಾನ ಹತ್ತಿದ್ದಾರೆ ಅನಿಸಬೇಕು. ಅಂಥ ಕೇಸೇ ಇಲ್ಲ. ಅದೂ ಸೇರಿ ಆರು ತೀರ್ಪುಗಳನ್ನು ಚಾಟ್‌ಜಿಪಿಟಿ ಹುಟ್ಟಿಸಿ ಕೊಟ್ಟಿತ್ತು. ವಕೀಲರು ಅದನ್ನೇ, ಇದು ನಿಜವಾದ ಕೇಸಾ ಅಂತ ಕೇಳಿದ್ದರು, ಹೌದು ಅಂತ ಉತ್ತರ ಬಂದಿತ್ತು. ಕಳ್ಳನನ್ನೇ ಕರೆದು ಸಾಕ್ಷಿ ಹೇಳಿಸಿದ ಹಾಗೆ.

ಪೇಪರಿನವರು ಅಷ್ಟನ್ನೇ ಬರೆದು ನಕ್ಕರು. ನೀವು ತಾರೀಖು ನೋಡಿ. 2023ರ ಮಾರ್ಚ್ ಮಧ್ಯದಲ್ಲೇ ಎದುರಿನ ವಕೀಲರು ಈ ತೀರ್ಪುಗಳು ಎಲ್ಲೂ ಸಿಗುತ್ತಿಲ್ಲ ಅಂತ ಬರೆದು ಕೊಟ್ಟಿದ್ದರು. ಇವರು ಸುಮ್ಮನಿದ್ದರು. ಏಪ್ರಿಲ್‌ನಲ್ಲಿ ಕೋರ್ಟು, ಆ ತೀರ್ಪುಗಳ ಪ್ರತಿ ಕೊಡಿ ಅಂದಿತು. ಆಗಲಾದರೂ ತಪ್ಪಾಯಿತು ಅನ್ನಬಹುದಿತ್ತು. ರಜೆಯ ಮೇಲೆ ಹೋಗುತ್ತಿದ್ದೇನೆ ಅಂತ ಒಬ್ಬರ ಹೆಸರಿನಲ್ಲಿ ಸಮಯ ಕೇಳಿದರು, ನಿಜವಾಗಿ ರಜೆಯಲ್ಲಿದ್ದವರು ಇನ್ನೊಬ್ಬರು. ಕೊನೆಗೆ ಆ ಇಲ್ಲದ ತೀರ್ಪುಗಳ ಪುಟಗಳನ್ನೇ ಚಾಟ್‌ಜಿಪಿಟಿಯಿಂದ ಬರೆಸಿ ಕೋರ್ಟಿಗೆ ಸಲ್ಲಿಸಿದರು. ಜೂನ್ 22ಕ್ಕೆ ಜಡ್ಜ್ ಕೆವಿನ್ ಕ್ಯಾಸ್ಟೆಲ್ ದಂಡ ಹಾಕಿದರು, 5,000 ಡಾಲರ್. ಯಾವ ಯಾವ ಜಡ್ಜ್‌ಗಳ ಹೆಸರಿನಲ್ಲಿ ಸುಳ್ಳು ತೀರ್ಪು ಕೊಟ್ಟಿದ್ದರೋ ಅವರಿಗೆಲ್ಲ ಆದೇಶದ ಪ್ರತಿ ಸಮೇತ ಪತ್ರ ಬರೆಯಿರಿ ಅಂತಲೂ ಹೇಳಿದರು. ಮಾರ್ಚಿನಲ್ಲೇ ಒಪ್ಪಿಕೊಂಡಿದ್ದರೆ ಮಾತೇ ಬೇರೆ ಇರುತ್ತಿತ್ತು ಅಂತ ಅದೇ ಆದೇಶದಲ್ಲಿ ಇದೆ.

ನಗಬೇಡಿ, ಇದು ನಮ್ಮ ಬಾಗಿಲಿಗೂ ಬಂದಿದೆ. 2025ರಲ್ಲಿ ಬೆಂಗಳೂರಿನ ಸಿವಿಲ್ ಕೋರ್ಟೊಂದರ ಆದೇಶದಲ್ಲೇ ಇಲ್ಲದ ತೀರ್ಪುಗಳ ಉಲ್ಲೇಖ ಕಂಡು ಕರ್ನಾಟಕ ಹೈಕೋರ್ಟು ಗರಂ ಆಗಿತ್ತು. ಅಲ್ಲಿ ವಕೀಲರದ್ದಲ್ಲ, ಜಡ್ಜ್ ಆದೇಶದಲ್ಲೇ.

ಈಗ ನಮ್ಮ ಕಡೆಗೆ ಬರೋಣ. ಲೈಬ್ರರಿಗೆ ಹೋಗಿ ಸುಪ್ರೀಂ ಕೋರ್ಟಿನ ತೀರ್ಪುಗಳನ್ನು ಅಚ್ಚು ಹಾಕುವ ಎಸ್‌ಸಿಸಿಯ 1977ರ ನಾಲ್ಕನೇ ಸಂಪುಟ, 467ನೇ ಪುಟ ತೆಗೆಯಿರಿ. ಹುರುಳಿಲ್ಲದ ದಾವೆಯನ್ನು ಶುರುವಿನಲ್ಲೇ ತಿರಸ್ಕರಿಸಿ ಅನ್ನುವ ನಮ್ಮ ಸಿವಿಲ್ ಸಂಹಿತೆಯ ಆರ್ಡರ್ 7 ರೂಲ್ 11 ಅಂತ ವಾದ ಮಾಡುವಾಗ ನಾವೆಲ್ಲ ಬಾಯಿಪಾಠ ಹೇಳುವ ತೀರ್ಪು ಅದು. ಅದು ಬೆಂಗಳೂರಿನ ಒಂದು ಅಂಗಡಿಯ ಕತೆ ಅಂತ ಎಷ್ಟು ಜನಕ್ಕೆ ಗೊತ್ತು?

ಬಾಡಿಗೆದಾರ ಅಂಗಡಿ ಖಾಲಿ ಮಾಡಬೇಕು ಅಂತ ಹೈಕೋರ್ಟಿನವರೆಗೂ ತೀರ್ಮಾನ ಆಗಿತ್ತು. ನ್ಯಾಯಮೂರ್ತಿ ವೆಂಕಟರಾಮಯ್ಯನವರು, ಮುಂದೆ ದೇಶದ ಮುಖ್ಯ ನ್ಯಾಯಮೂರ್ತಿ ಆದರಲ್ಲ ಅವರೇ, ಕರುಣೆಯಿಂದ ಐದು ತಿಂಗಳಿಗೂ ಮಿಕ್ಕಿ ಸಮಯ ಕೊಟ್ಟರು. ಅದು ಮುಗಿಯುತ್ತಾ ಬಂದಾಗ ಮಗ ಮುನ್ಸೀಫ್ ಕೋರ್ಟಿನಲ್ಲಿ, ಅಂದರೆ ಕೆಳಗಿನ ಸಿವಿಲ್ ಕೋರ್ಟಿನಲ್ಲಿ, ಹೊಸ ದಾವೆ ಹಾಕಿದ, ಅಪ್ಪನ ಮೇಲೆ ಆದ ಆದೇಶ ಮೋಸದಿಂದ ಪಡೆದದ್ದು ಅಂತ. ವಿಷಯ ಗೊತ್ತಾದ ಮೇಲೂ ನ್ಯಾಯಮೂರ್ತಿಗಳು ಸಿಟ್ಟಾಗಲಿಲ್ಲ. ಮಾಲೀಕರನ್ನು ಒಪ್ಪಿಸಿ ಮತ್ತೆ ಐದು ತಿಂಗಳು ಕೊಡಿಸಿದರು. ಷರತ್ತು ಒಂದೇ, ಆ ದಾವೆ ವಾಪಸ್ ತೆಗೆದುಕೊಳ್ಳಬೇಕು. ಐದು ತಿಂಗಳು ಅನುಭವಿಸಿದ್ದಾಯಿತು. ಆಮೇಲೆ ಅದೇ ದಾವೆಯನ್ನು ಕಾರ್ಬನ್ ಕಾಪಿ ತೆಗೆದ ಹಾಗೆ ಬರೆದು ಇನ್ನೊಬ್ಬ ಮುನ್ಸೀಫರ ಮುಂದೆ ಹಾಕಿ, ಎದುರಿನವರು ಬರುವ ಮೊದಲೇ ತಡೆಯಾಜ್ಞೆ ತಂದರು. ಅದು ತೆರವಾಯಿತು. ಅಪೀಲು ಬಿತ್ತು. ಮತ್ತೆ ಹೈಕೋರ್ಟಿಗೆ ಬಂದರು. ಅಲ್ಲಿ ಅದೇ ವೆಂಕಟರಾಮಯ್ಯನವರ ಮುಂದೆ ಬಂದಾಗ, ಇವರ ವಕೀಲರು ಎದ್ದು ನಿಂತು, ಅಫಿಡವಿಟ್‌ನಲ್ಲಿ ನ್ಯಾಯಮೂರ್ತಿಗಳ ಹೆಸರೇ ಇದೆ, ಹಾಗಾಗಿ ಅವರು ಈ ಕೇಸು ಕೇಳಬಾರದು ಅಂದರು. ಹೆಸರು ಬರೆದವರು ಇವರೇ!

ನ್ಯಾಯಮೂರ್ತಿಗಳು ಕೇಸನ್ನು ಮರುದಿನಕ್ಕೆ ಹಾಕಿದರು. ಆಮೇಲೆ ತಮ್ಮ ಆದೇಶದಲ್ಲಿ ಒಂದು ಸಾಲು ಬರೆದರು, ನಿನ್ನೆ ರಾತ್ರಿ ನನಗೆ ನಿದ್ದೆ ಬರಲಿಲ್ಲ ಅಂತ. ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ಸಾಲನ್ನು ಎತ್ತಿ ತೋರಿಸಿದ್ದಾರೆ. ಹೈಕೋರ್ಟ್ ನ್ಯಾಯಮೂರ್ತಿಯೊಬ್ಬರು ಒಂದು ಅಂಗಡಿಯ ಬಾಡಿಗೆ ಕೇಸಿಗಾಗಿ ರಾತ್ರಿಯೆಲ್ಲ ಹೊರಳಾಡಿದ್ದು ಲಾ ರಿಪೋರ್ಟಿನಲ್ಲಿ ಅಚ್ಚಾಗಿದೆ.

ಆ ತೀರ್ಪಿನಲ್ಲಿ ಮುನ್ಸೀಫರಿಗೆ ಮಾರ್ಗದರ್ಶನ ಇದೆ: ದಾವೆಯನ್ನು ಸುಮ್ನೆ ಓದಬೇಡಿ, ಅರ್ಥ ಮಾಡಿಕೊಂಡು ಓದಿ, ಹುರುಳಿಲ್ಲ ಅಂದರೆ ಮೊಳಕೆಯಲ್ಲೇ ಚಿವುಟಿ ಅಂತ. ಪಾರ್ಟಿಗೆ ದಂಡ ಸಂಹಿತೆಯ ಎಚ್ಚರಿಕೆ ಇದೆ. ವಕೀಲರ ವಿಷಯಕ್ಕೆ ಬಂದಾಗ? ಇಂಥ ಕೇಸನ್ನು ಒಬ್ಬರಲ್ಲ ಒಬ್ಬ ವಕೀಲರು ಹಿಡಿದರಲ್ಲ ಅನ್ನುವ ವಿಷಾದ, ಮೋಸದ ಕೇಸು ಬಂದರೆ ಒಲ್ಲೆ ಅನ್ನಿ ಅನ್ನುವ ಬುದ್ಧಿಮಾತು, ವಕೀಲರ ಶಿಸ್ತು ನೋಡಿಕೊಳ್ಳುವ ಬಾರ್ ಕೌನ್ಸಿಲ್ ಇದನ್ನು ಗಮನಿಸುತ್ತದೆ ಅನ್ನುವ ಆಸೆ.

ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯ 35ಎ ಕಲಮಿನಲ್ಲಿ ಸುಳ್ಳು ದಾವೆಗೆ ಪರಿಹಾರದ ಖರ್ಚು ಹಾಕಬಹುದು. ಎಷ್ಟು? ಹೆಚ್ಚೆಂದರೆ 3,000 ರೂಪಾಯಿ. 1976ರಲ್ಲಿ ಸಾವಿರ ಇದ್ದದ್ದನ್ನು ಮೂರು ಸಾವಿರ ಮಾಡಿದರು, ಅಲ್ಲಿಗೇ ನಿಂತಿದೆ. ಇದು ತೀರಾ ಕಡಿಮೆ ಅಂತ ಸುಪ್ರೀಂ ಕೋರ್ಟೇ 2010ರಲ್ಲಿ ಹೇಳಿದೆ. ವಾಣಿಜ್ಯ ದಾವೆಗಳಿಗೆ 2015ರ ಕಾಯ್ದೆಯಲ್ಲಿ ಆ ಮಿತಿ ತೆಗೆದರು, ಉಳಿದವಕ್ಕೆ ಇಲ್ಲ. ಅದನ್ನೂ ಕಟ್ಟುವವನು ಪಾರ್ಟಿ. ವಕೀಲರ ಮೇಲೆ ಏನಾದರೂ ಆಗಬೇಕಾದರೆ ಅಡ್ವೊಕೇಟ್ಸ್ ಕಾಯ್ದೆಯ ಕೆಳಗೆ ಬಾರ್ ಕೌನ್ಸಿಲಿಗೆ ದೂರು ಕೊಡಬೇಕು, ಅದು ಬೇರೆಯೇ ದಾರಿ. ಅಮೆರಿಕದಲ್ಲಿ ಸುಮ್ಮನೆ ಕೇಸು ಎಳೆದಾಡಿ ಖರ್ಚು ಹೆಚ್ಚಿಸಿದ ವಕೀಲ ಆ ಹೆಚ್ಚುವರಿ ಖರ್ಚನ್ನು ತನ್ನ ಜೇಬಿನಿಂದಲೇ ಕೊಡಬೇಕು ಅನ್ನುವ ಕಾನೂನಿನ ಬೇರು 1813ರಷ್ಟು ಹಳೆಯದು.

ಹಾಗಂತ ಅಲ್ಲಿಯದನ್ನು ಇದ್ದ ಹಾಗೆ ಇಲ್ಲಿ ತನ್ನಿ ಅಂತ ನಾನು ಹೇಳುವುದಿಲ್ಲ. ತಾಲ್ಲೂಕು ಕೋರ್ಟಿನಲ್ಲಿ ದೊಡ್ಡ ಕಂಪನಿಯ ವಿರುದ್ಧ ಒಬ್ಬಳೇ ನಿಂತ ಜೂನಿಯರ್ ಹುಡುಗಿಯನ್ನು ದಂಡದ ಹೆಸರಿನಲ್ಲಿ ಹೆದರಿಸುವುದು ಬಹಳ ಸುಲಭ. ನನಗೆ ಬೇಕಿರುವುದು ಆ 21 ದಿನ ಮಾತ್ರ. ಎದುರಿನವರು ದಾಖಲೆ ಸಮೇತ ಬರೆದುಕೊಟ್ಟ ಮೇಲೂ ಹಟ ಹಿಡಿದರೆ, ಆಮೇಲಿನ ಖರ್ಚು ವಕೀಲನದ್ದು ಅನ್ನುವ ಒಂದು ಸಾಲು.

ಇದು ನನ್ನ ಸ್ವಂತ ಅನುಭವದಿಂದ ಬಂದ ಮಾತು. ನಾನು ಸನ್ನದು ಪಡೆದು ನಾಲ್ಕೈದು ವರ್ಷ ಆಗಿತ್ತು. ಹಳ್ಳಿಯವರೊಬ್ಬರು ಬಂದರು. ಪಕ್ಕದ ಹೊಲದವನು ನನ್ನ ಹೊಲದಲ್ಲಿ ಗಾಡಿ ಹೊಡೆಯುತ್ತಾನೆ ಸ್ವಾಮಿ, ಅಲ್ಲಿ ದಾರಿನೇ ಇಲ್ಲ ಅಂದರು. ಪಹಣಿ ನೋಡಿದೆ, ಹೆಸರು ಸರಿ ಇತ್ತು. ಗ್ರಾಮ ನಕ್ಷೆ ತರಿಸಲಿಲ್ಲ. ದಾವೆ ಹಾಕಿ ಇಂಜಂಕ್ಷನ್ ತಂದೆ, ಖುಷಿಯಾಗಿ ಮನೆಗೆ ಸ್ವೀಟ್ ಒಯ್ದೆ. ಎದುರಿಗೆ ಬಂದವರು ವಯಸ್ಸಾದ ವಕೀಲರು. ಕೋರ್ಟಿನಲ್ಲಿ ಏನೂ ಹೇಳಲಿಲ್ಲ. ಕ್ಯಾಂಟೀನಿನಲ್ಲಿ ನನ್ನ ಪಕ್ಕ ಕೂತು, ಟೀ ಲೋಟ ಸರಿಸಿ, ನಕ್ಷೆಯ ಪ್ರತಿ ಬಿಚ್ಚಿದರು. ನನ್ನ ಪಾರ್ಟಿಯ ಸರ್ವೆ ನಂಬರಿನ ನಡುವೆ ಜೋಡಿ ಚುಕ್ಕಿಗೆರೆ. ಬಂಡಿದಾರಿ. ಅವರು ಅದರ ಮೇಲೆ ಬೆರಳಿಟ್ಟು, ಏನ್ ಮಾಡ್ತೀಯಪ್ಪ ಅಂದರು. ಅಷ್ಟೇ ಮಾತು.

ಮೆಮೊ ಹಾಕಿ ವಾಪಸ್ ತೆಗೆದುಕೊಳ್ಳಬೇಕಿತ್ತು. ತೆಗೆದುಕೊಳ್ಳಲಿಲ್ಲ. ಪಾರ್ಟಿಗೆ ಏನು ಹೇಳುವುದು, ಕೊಟ್ಟ ಫೀಸು ಕೇಳಿದರೆ, ವಕೀಲರ ಸಂಘದಲ್ಲಿ ನಕ್ಕರೆ ಅಂತೆಲ್ಲ ಯೋಚಿಸಿ ಎಂಟು ತಿಂಗಳು ಡೇಟ್ ತೆಗೆದುಕೊಂಡೆ. ಆ ಎಂಟು ತಿಂಗಳಲ್ಲಿ ಒಂದು ಮುಂಗಾರು ಬಂದು ಹೋಯಿತು. ಎದುರಿನವನ ಹೊಲಕ್ಕೆ ಟ್ರ್ಯಾಕ್ಟರ್ ಹೋಗಲು ಬೇರೆ ದಾರಿ ಇರಲಿಲ್ಲ, ಹೊಲ ಬೀಳು ಬಿತ್ತು. ನನಗೆ ಒಂದು ರೂಪಾಯಿ ದಂಡ ಆಗಲಿಲ್ಲ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದು ಕೇಳಿದ, ಸರ್, ನಾವು ಆಗಲ್ಲ ಅಂದರೆ ಪಾರ್ಟಿ ಪಕ್ಕದ ಆಫೀಸಿಗೆ ಹೋಗ್ತಾನಲ್ಲ? ಎಲ್ಲರೂ ನಕ್ಕರು. ಹೋಗುತ್ತಾನೆ ಅಂದೆ. ಆ ಬಂಡಿದಾರಿಯವರಿಗೂ ಕೊನೆಗೆ ನಾನು ಆಗಲ್ಲ ಅಂದೆ, ಅವರು ನೋ ಅಬ್ಜೆಕ್ಷನ್ ಬರೆಸಿಕೊಂಡು ಪಕ್ಕದ ಆಫೀಸಿಗೇ ಹೋದರು. ಕೇಸು ಇನ್ನೂ ಹನ್ನೊಂದು ವರ್ಷ ನಡೆಯಿತು. ಅವರು ಕೋರ್ಟಿಗೆ ಬಂದಾಗಲೆಲ್ಲ ನನ್ನನ್ನು ನೋಡಿ ಕೈ ಮುಗಿದು, ಟೀ ಕುಡಿಯೋಣ ಬನ್ನಿ ಸ್ವಾಮಿ ಅನ್ನುತ್ತಿದ್ದರು. ನಾನು ಹೋಗುತ್ತಿದ್ದೆ. ದುಡ್ಡು ಮಾತ್ರ ನಾನೇ ಕೊಡುತ್ತಿದ್ದೆ.